ಕರೆಂಟ್ ಬಂತು, ಯಂತ್ರ ಮಾತ್ರ ಏಳಲಿಲ್ಲ

ಪ್ರಶ್ನೆ: ಬನಹಟ್ಟಿಯಲ್ಲಿ ನಮ್ಮದೊಂದು ಔಷಧಿ ಅಂಗಡಿ ಇದೆ, ಸುತ್ತಲೂ ವಿದ್ಯುತ್ ಮಗ್ಗಗಳು. ಕರೆಂಟ್ ಒಂದೆರಡು ಗಂಟೆ ಹೋಗಿ ಬಂದರೆ ಬಿಲ್ಲಿಂಗ್ ಕಂಪ್ಯೂಟರ್ ತಕರಾರಿಲ್ಲದೆ ಆನ್ ಆಗುತ್ತದೆ. ಪಕ್ಕನೆ ಹೋಗಿ ಪಕ್ಕನೆ ಬಂದರೆ ಮಾತ್ರ ಬಟನ್ ಎಷ್ಟು ಒತ್ತಿದರೂ ಏಳುವುದಿಲ್ಲ. ಸಿಸಿಟಿವಿ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆಯ ಅಡಾಪ್ಟರಿನ ದೀಪ ಮಿಣುಕುತ್ತಾ ಕೂರುತ್ತದೆ. ಚಳಿಗಾಲದ ಬೆಳಿಗ್ಗೆಯಂತೂ ಹೇಳತೀರದು. ಇನ್ಸುಲಿನ್ ಇಡುವ ಫ್ರಿಜ್ ಗುಂಯ್ ಎಂದು ಸದ್ದು ಮಾಡಿ ಟಕ್ ಎಂದು ನಿಲ್ಲುತ್ತದೆ. ಅಂಗಡಿಗೆ ಇನ್ವರ್ಟರ್ ಇದ್ದೂ ಈ ಪಾಡು. ನಮ್ಮ ಮಾವನವರು ಸ್ವಿಚ್ಚನ್ನು ಹತ್ತಾರು ಸಲ ಮೇಲೆ ಕೆಳಗೆ ಮಾಡಿ ನೋಡುತ್ತಾರೆ. ರಿಪೇರಿಯವರು ‘ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಒಳಗಿನ ಡಬ್ಬಿ) ಹೋಗಿದೆ, ಡಿವಿಆರ್ ಬೋರ್ಡೂ ಹೋಗಿದೆ’ ಎನ್ನುತ್ತಾರೆ. ಎಲ್ಲವನ್ನೂ ಬದಲಿಸಲೇಬೇಕೇ?

ಉತ್ತರ: ಬೇಡ, ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ‘ಗಂಟೆಗಟ್ಟಲೆ ಹೋದರೆ ತೊಂದರೆಯಿಲ್ಲ, ಪಕ್ಕನೆ ಹೋಗಿ ಬಂದರೆ ಏಳುವುದಿಲ್ಲ’ ಎಂದು ಬರೆದಿದ್ದೀರಲ್ಲ, ಈ ಒಂದು ಮಾತನ್ನು ರಿಪೇರಿಗೆ ತರುವವರಲ್ಲಿ ಬಹುತೇಕರು ಹೇಳುವುದೇ ಇಲ್ಲ. ಕೇಳುವವರೂ ಕಡಿಮೆ. ಎಷ್ಟು ಹೊತ್ತು ಕರೆಂಟ್ ಇರಲಿಲ್ಲ, ಎಷ್ಟು ಹೊತ್ತು ಬಿಟ್ಟರೆ ಯಂತ್ರ ಮತ್ತೆ ಶುರುವಾಗುತ್ತದೆ ಎಂಬುದು ತಿಳಿದರೆ ಸಾಕು, ಕೆಟ್ಟಿರುವುದು ಯಾವ ಭಾಗ ಅಥವಾ ಏನಾದರೂ ಕೆಟ್ಟಿದೆಯೇ ಎಂಬುದನ್ನು ಪೆಟ್ಟಿಗೆ ಬಿಚ್ಚುವ ಮೊದಲೇ ಬಹುಮಟ್ಟಿಗೆ ಹೇಳಬಹುದು. ನಿಮ್ಮ ಮೂರು ಯಂತ್ರಗಳ ತೊಂದರೆಗೆ ಮೂರು ಬೇರೆ ಬೇರೆ ಕಾರಣಗಳಿವೆ. ಅವುಗಳಲ್ಲಿ ಒಂದರಲ್ಲಿ ಮಾತ್ರ ಬಿಡಿಭಾಗ ಹಾಳಾಗಿರುವ ಸಂಭವ ಹೆಚ್ಚು.

ಮೊದಲು ಆ ‘ಪಕ್ಕನೆ’ ಎಂಬ ಕ್ಷಣದಲ್ಲಿ ಏನಾಗುತ್ತದೆ ಎಂದು ನೋಡೋಣ. ಗಾಳಿಗೆ ಬೇವಿನ ಕೊಂಬೆಯೊಂದು 11 ಕೆವಿ ತಂತಿಗೆ ತಾಗಿದರೆ ಆ ಲೈನಿನ (ಫೀಡರಿನ) ಬ್ರೇಕರ್ ಟ್ರಿಪ್ ಆಗಿ ಕರೆಂಟ್ ಕಡಿಯುತ್ತದೆ. ಮರುಜೋಡಣೆಯ ವ್ಯವಸ್ಥೆ ಇದ್ದಲ್ಲಿ ಅರೆಕ್ಷಣದಿಂದ ಕೆಲವು ಸೆಕೆಂಡುಗಳ ಒಳಗೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಅನೇಕ ಸಲ ಕರೆಂಟ್ ಪೂರ್ತಿ ಹೋಗುವುದೂ ಇಲ್ಲ, 230 ವೋಲ್ಟಿನಿಂದ ನೂರರ ಆಸುಪಾಸಿಗೆ ಕುಸಿದು ಮೇಲೇಳುತ್ತದೆ. ಮರಳಿ ಬಂದಾಗಲೂ ಸುಖವಿಲ್ಲ. ನಿಮ್ಮ ಓಣಿಯಲ್ಲಿ ಸ್ವಿಚ್ ತೆಗೆಯದೆ ಬಿಟ್ಟ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಪ್ರತಿ ಮೋಟಾರೂ ಶುರುವಾಗುವಾಗ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಹೀಗಾಗಿ ಮೊದಲ ಕೆಲವು ಕ್ಷಣ ಟಿಸಿಯಿಂದ (ಓಣಿಯ ಟ್ರಾನ್ಸ್‌ಫಾರ್ಮರಿನಿಂದ) ನಿಮ್ಮ ಅಂಗಡಿಗೆ ಬರುವ ವೋಲ್ಟೇಜ್ ಜಗ್ಗಾಡುತ್ತದೆ.

ಇತ್ತ ಕಂಪ್ಯೂಟರಿನ ಎಸ್‌ಎಂಪಿಎಸ್ ಒಳಗೆ 230 ವೋಲ್ಟಿನ ಎಸಿ ಸುಮಾರು 325 ವೋಲ್ಟಿನ ಡಿಸಿಯಾಗಿ ಒಂದು ದಪ್ಪ ಕೆಪಾಸಿಟರಿನಲ್ಲಿ ಶೇಖರವಾಗಿರುತ್ತದೆ. ಕರೆಂಟ್ ಹೋದರೆ ಆ ಸಂಗ್ರಹದಿಂದ ಪೂರ್ತಿ ಹೊರೆಯನ್ನು ನಡೆಸಲು ಸಾಧ್ಯವಾಗುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತೇ 20 ಮಿಲಿಸೆಕೆಂಡ್. ಎಂದರೆ ಒಂದು ಸುತ್ತಿನಷ್ಟೂ ತಡೆಯುವ ಖಾತರಿ ಅದಕ್ಕಿಲ್ಲ. ಅದು ಮುಗಿದ ಕೂಡಲೇ 12 ವೋಲ್ಟ್, 5 ವೋಲ್ಟ್ ಲೈನುಗಳು ಕುಸಿಯತೊಡಗುತ್ತವೆ. ಒಳಗಿರುವ ಕಾವಲು ಐಸಿ (ಚಿಪ್) ಇದನ್ನು ಕಂಡು ‘ಎಲ್ಲೋ ಶಾರ್ಟ್ ಆಗಿದೆ’ ಎಂದೇ ತಿಳಿದು ಸಪ್ಲೈಯನ್ನು ಬಂದ್ ಮಾಡಿ ಬೀಗ ಹಾಕುವುದುಂಟು. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡಿದೆ. ಆದರೆ ಈ ಬೀಗವನ್ನು ಹಿಡಿದಿಡುವುದು ಎಸ್‌ಎಂಪಿಎಸ್‌ನೊಳಗೇ ಇರುವ ಸ್ಟ್ಯಾಂಡ್‌ಬೈ ಎಂಬ ಸಣ್ಣ ಸಪ್ಲೈ. ಮುಖ್ಯ ಹೊರೆ ಕಳಚಿದ ಮೇಲೆ ಸ್ಟ್ಯಾಂಡ್‌ಬೈಗೆ ಬೇಕಾಗುವುದು ಅತ್ಯಲ್ಪ, ಹಾಗಾಗಿ ದಪ್ಪ ಕೆಪಾಸಿಟರಿನಲ್ಲಿ ಉಳಿದ ಚಾರ್ಜಿನಲ್ಲೇ ಅದು ಇನ್ನೂ ಸಾಕಷ್ಟು ಹೊತ್ತು ಜೀವಂತ ಇರುತ್ತದೆ. ಅಷ್ಟರೊಳಗೆ ಕರೆಂಟ್ ಬಂದರೆ ಬೀಗ ಬಿಚ್ಚುವುದೇ ಇಲ್ಲ. ಮದರ್‌ಬೋರ್ಡೂ ಅರೆಎಚ್ಚರದಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಗಂಟೆ ಕರೆಂಟ್ ಹೋದಾಗ ಎಲ್ಲವೂ ಸೊನ್ನೆಗೆ ಇಳಿದು ಹೊಸದಾಗಿ ಶುರುವಾಗುತ್ತದೆ. ನಿಮ್ಮ ಕಂಪ್ಯೂಟರ್ ಮಾಡುತ್ತಿರುವುದು ಇದನ್ನೇ.

ಇದಕ್ಕೆ ತಕ್ಷಣದ ಪರಿಹಾರ ಸುಲಭ. ಗೋಡೆಯ ಪ್ಲಗ್ ಕಿತ್ತುಬಿಡಿ. ಪ್ಲಗ್ ಹೊರಗಿರುವಾಗಲೇ ಕಂಪ್ಯೂಟರಿನ ಪವರ್ ಬಟನ್ನನ್ನು ಹದಿನೈದು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಚಾರ್ಜ್ ಬೇಗ ಇಳಿಯುತ್ತದೆ. ಇನ್ನೆರಡು ನಿಮಿಷ ಬಿಟ್ಟು ಪ್ಲಗ್ ಹಾಕಿ ಆನ್ ಮಾಡಿ. ಬ್ಯಾಟರಿ ಹೊರತೆಗೆಯಲಾಗದ ಲ್ಯಾಪ್‌ಟಾಪ್ ಮಂಕಾಗಿ ಕುಳಿತಾಗಲೂ ಚಾರ್ಜರ್ ತೆಗೆದು ಮೂವತ್ತು ಸೆಕೆಂಡ್ ಬಟನ್ ಒತ್ತಿದರೆ ಎಷ್ಟೋ ಸಲ ಏಳುತ್ತದೆ. ಟಿವಿ, ವೈಫೈ ರೂಟರ್‌ಗಳಿಗೂ ಪ್ಲಗ್ ಕಿತ್ತು ಕಾಯುವುದೇ ಮೊದಲ ಮದ್ದು.

ಈಗ ನಿಮ್ಮ ಮಾವನವರ ವಿಷಯ. ಅವರಿಗೆ ದಯವಿಟ್ಟು ಇದನ್ನು ಓದಿ ಹೇಳಿ, ಏಕೆಂದರೆ ಇಲ್ಲಿ ಯಂತ್ರಕ್ಕೆ ನಿಜವಾದ ಪೆಟ್ಟು ಬೀಳುತ್ತದೆ. ಖಾಲಿ ಕೆಪಾಸಿಟರಿಗೆ ಒಮ್ಮೆಲೇ ಕರೆಂಟ್ ನುಗ್ಗಬಾರದೆಂದು ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಎನ್‌ಟಿಸಿ ಥರ್ಮಿಸ್ಟರ್ ಎಂಬ ಬಿಲ್ಲೆಯಾಕಾರದ ಭಾಗ ಇರುತ್ತದೆ. ಕಪ್ಪು ಅಥವಾ ಹಸಿರು ಬಣ್ಣದ್ದು. ತಣ್ಣಗಿರುವಾಗ ಅದರ ತಡೆ ಐದು ಓಮ್ ಇದ್ದರೆ, 325 ವೋಲ್ಟ್ ಎದುರಿಗಿದ್ದರೂ ನುಗ್ಗುವ ಕರೆಂಟ್ 65 ಆಂಪಿಯರ್ ಮೀರುವುದಿಲ್ಲ. ಅದೂ ಅತಿ ಸಣ್ಣ ಕ್ಷಣ. ಓಡುತ್ತಾ ಓಡುತ್ತಾ ಅದು ಬಿಸಿಯಾಗುತ್ತದೆ, ತಡೆ ಒಂದು ಓಮಿಗಿಂತ ಕೆಳಗಿಳಿಯುತ್ತದೆ. ಮತ್ತೆ ತಣ್ಣಗಾಗಲು ಒಂದೆರಡು ನಿಮಿಷವಾದರೂ ಬೇಕು. ಓಡುತ್ತಿದ್ದ ಕಂಪ್ಯೂಟರಿನ ಕರೆಂಟ್ ಪಕ್ಕನೆ ಹೋಗಿ ಬಂದರೆ ಕೆಪಾಸಿಟರ್ ಬಹುಪಾಲು ಬರಿದಾಗಿರುತ್ತದೆ, ಥರ್ಮಿಸ್ಟರ್ ಮಾತ್ರ ಇನ್ನೂ ಕಾದಿರುತ್ತದೆ. ಆಗ ನುಗ್ಗುವ ಕರೆಂಟಿಗೆ ಅಡ್ಡ ಬರುವವರೇ ಇಲ್ಲ. ಎಂಸಿಬಿ ಬೀಳುವುದು, ಫ್ಯೂಸ್ ಕಪ್ಪಾಗುವುದು, ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್ ಶಾರ್ಟ್ ಆಗುವುದು ಈ ಹೊತ್ತಿನಲ್ಲೇ. ಸ್ವಿಚ್ಚನ್ನು ಹತ್ತಾರು ಸಲ ಮೇಲೆ ಕೆಳಗೆ ಮಾಡುವುದೆಂದರೆ ಇಂಥ ಪೆಟ್ಟುಗಳನ್ನು ಸಾಲಾಗಿ ಕೊಡುವುದು. ಕರೆಂಟ್ ಹೋದ ಕೂಡಲೇ ಎಲ್ಲ ಸ್ವಿಚ್ ತೆಗೆಯಬೇಕು, ಬಂದ ಮೇಲೆ ಎರಡು ಮೂರು ನಿಮಿಷ ಕಾದು ಒಂದೇ ಒಂದು ಸಲ ಹಾಕಬೇಕು. ಅಷ್ಟರಲ್ಲಿ ಓಣಿಯ ಮೋಟಾರುಗಳೂ ತಮ್ಮ ವೇಗಕ್ಕೆ ಬಂದು ವೋಲ್ಟೇಜ್ ನೆಲೆಗೊಂಡಿರುತ್ತದೆ.

ಪ್ಲಗ್ ಕಿತ್ತು ಕಾದರೂ ಕೆಲವು ಸಲ ಏಳದಿದ್ದರೆ ಆಗ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡೋಣ. ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಒಂದು ನೇರಳೆ ತಂತಿ ಇದೆ, ಸ್ಟ್ಯಾಂಡ್‌ಬೈಯ 5 ವೋಲ್ಟ್ ಅದರಲ್ಲಿ ಬರುತ್ತದೆ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ತಂತಿಗೂ ಕೆಂಪು ಕಡ್ಡಿಯನ್ನು ನೇರಳೆಗೂ ಹಿಂಬದಿಯಿಂದ ತೂರಿಸಿ, ಕಂಪ್ಯೂಟರ್ ಆಫ್ ಇದ್ದು ಪ್ಲಗ್ ಹಾಕಿರುವಾಗ ಓದಬೇಕು. 4.75ರಿಂದ 5.25ರ ಒಳಗೆ ನಿಶ್ಚಲವಾಗಿ ನಿಂತರೆ ಸರಿ. ಬಟನ್ ಒತ್ತಿದಾಗ ಐದರಿಂದ ಮೂರೂವರೆಗೆ ಜಾರಿ ಮತ್ತೆ ಏರುವುದು ಕಂಡರೆ ಸ್ಟ್ಯಾಂಡ್‌ಬೈ ಭಾಗದ ಕೆಪಾಸಿಟರಿನ ಒಳಗಿನ ದ್ರವ ಒಣಗಿದೆ ಎಂದೇ ತಿಳಿಯಿರಿ. ನೇರಳೆ ಸರಿಯಿದ್ದು ಕಂಪ್ಯೂಟರ್ ಮಾತ್ರ ಏಳದಿದ್ದರೆ, ಪ್ಲಗ್ ತೆಗೆದು ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ, ಹಸಿರು ತಂತಿಯನ್ನು ಪಕ್ಕದ ಕಪ್ಪಿಗೆ ಒಂದು ತುಂಡು ತಂತಿಯಿಂದ ಜೋಡಿಸಿ ಪ್ಲಗ್ ಹಾಕಿ. ಹೊರೆಗೆಂದು ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ತಗುಲಿಸಿರಿ. ಫ್ಯಾನ್ ತಿರುಗಿ ಹಳದಿ ತಂತಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಬಂದರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಬಹುಪಾಲು ಕರಗಿತು. ಹುಡುಕಾಟ ಮದರ್‌ಬೋರ್ಡಿನ ಕಡೆಗೆ ತಿರುಗಬೇಕು.

ನಿಮ್ಮ ಊರಿನ ಅಂಗಡಿಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಮಗ್ಗದ ಓಣಿಗಳಲ್ಲಿ ಹತ್ತಿಯ ನವಿರಾದ ಎಳೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಅದು ಎಸ್‌ಎಂಪಿಎಸ್‌ನ ಫ್ಯಾನಿಗೂ ಜಾಲರಿಗೂ ಬೂದು ಬಣ್ಣದ ಕಂಬಳಿಯಂತೆ ಅಂಟಿಕೊಳ್ಳುತ್ತದೆ. ಗಾಳಿಯಾಡದೆ ಒಳಗಿನ ಕಾವು ಏರುತ್ತದೆ. ಇಂಥ ದ್ರವ ತುಂಬಿದ (ಎಲೆಕ್ಟ್ರೋಲೈಟಿಕ್) ಕೆಪಾಸಿಟರಿನ ಆಯುಷ್ಯ ಪ್ರತಿ ಹತ್ತು ಡಿಗ್ರಿ ಕಾವಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕೆಲಸದಲ್ಲಿರುವವರು ಹಿಡಿದು ನಡೆಯುವ ಲೆಕ್ಕ. ನಿಮ್ಮ ಬಾಗಲಕೋಟೆ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲು ಗೊತ್ತಲ್ಲ, ಅದರ ಮೇಲೆ ಇದು. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಕಡ್ಡಿ ಅಡ್ಡ ಹಿಡಿದು, ಬ್ಲೋವರ್‌ನಿಂದ ಧೂಳು ಊದಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಶುರುವಾಗದೆ ನಿಂತ ಸಪ್ಲೈಯಲ್ಲಿ ಆ 325 ವೋಲ್ಟ್ ಖರ್ಚಾಗದೆ ಹಾಗೆಯೇ ಉಳಿದಿರಬಹುದು. ಪ್ಲಗ್ ಕಿತ್ತಿದೆ ಎಂಬ ಧೈರ್ಯದಲ್ಲಿ ಕೈ ಹಾಕಿದವರನ್ನು ಅದು ಬಿಡುವುದಿಲ್ಲ. ಬಲ್ಲ ಮೆಕ್ಯಾನಿಕ್ ಕೂಡ ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸದೆ, ಹೋಲ್ಡರಿಗೆ ಹಾಕಿದ 60 ವ್ಯಾಟ್ ಬಲ್ಬಿನ ಎರಡು ತುದಿ ತಾಗಿಸಿ ಚಾರ್ಜ್ ಇಳಿಸುತ್ತಾನೆ.

ಡಿವಿಆರ್ ಕಥೆ ಕಂಪ್ಯೂಟರಿನದಕ್ಕೆ ಪೂರ್ತಿ ತಿರುಗುಮುರುಗು. ತಣ್ಣಗಾದಷ್ಟೂ ಏಳುವುದಿಲ್ಲ, ಚಳಿಯಲ್ಲಿ ಹೆಚ್ಚು ಕಾಡುತ್ತದೆ ಎಂದರೆ ಅದು ಬೀಗದ ಲಕ್ಷಣವಲ್ಲ, ಮುಪ್ಪಾದ ಕೆಪಾಸಿಟರಿನ ಲಕ್ಷಣ. ಅಡಾಪ್ಟರಿನ ಒಳಗಿನ ಐಸಿಗೆ ಶುರುವಿಗೆ ಬೇಕಾದ ಶಕ್ತಿ ಒಂದು ದೊಡ್ಡ ಬೆಲೆಯ ರೆಸಿಸ್ಟರ್ ಮೂಲಕ ತೊಟ್ಟು ತೊಟ್ಟಾಗಿ ಬಂದು 22 ಅಥವಾ 47 ಮೈಕ್ರೋಫ್ಯಾರಡಿನ ಪುಟ್ಟ ಕೆಪಾಸಿಟರಿನಲ್ಲಿ ತುಂಬುತ್ತದೆ. ಬಹಳ ಬಳಕೆಯಲ್ಲಿರುವ ಯುಸಿ3842 ಐಸಿಯನ್ನೇ ನೋಡಿ: ಅಲ್ಲಿ 16 ವೋಲ್ಟ್ ತುಂಬಿದಾಗ ಅದು ಎದ್ದೇಳುತ್ತದೆ, 10ಕ್ಕಿಂತ ಇಳಿದರೆ ಮಲಗುತ್ತದೆ. ಎದ್ದ ಮೇಲೆ ಅಡಾಪ್ಟರ್ ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರಿನ ಇನ್ನೊಂದು ತಂತಿಸುರುಳಿಯಿಂದ ತನ್ನ ಊಟವನ್ನು ತಾನೇ ಪಡೆಯುತ್ತದೆ. ಕೃಷ್ಣೆಯ ದಂಡೆಯಲ್ಲಿ ಪಂಪು ಹೂಡುವ ರೈತರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಮೊದಲು ಕೊಡದಿಂದ ನೀರು ತುಂಬಿಸಿದರೆ ಪಂಪು ಹಿಡಿಯುತ್ತದೆ, ಹಿಡಿದ ಮೇಲೆ ತಾನೇ ಎಳೆದುಕೊಳ್ಳುತ್ತದೆ. ಪುಟ್ಟ ಕೆಪಾಸಿಟರ್ ಒಣಗಿದರೆ ಮೊದಲು ತುಂಬಿಸಿದ್ದು ಹಿಡಿಯುವಷ್ಟರಲ್ಲೇ ತೀರಿಹೋಗುತ್ತದೆ. 16ಕ್ಕೆ ಏರುವುದು, ಎದ್ದೇಳುವುದು, 10ಕ್ಕೆ ಬೀಳುವುದು, ಮತ್ತೆ ತುಂಬುವುದು. ನೀವು ಕಂಡ ಮಿಣುಕು ದೀಪ ಇದೇ ಆಗಿರಬಹುದು. ಒಮ್ಮೆ ಹಿಡಿದುಬಿಟ್ಟರೆ ತಿಂಗಳುಗಟ್ಟಲೆ ಓಡುತ್ತದೆ. ಹಾಗಾಗಿಯೇ ‘ನಿನ್ನೆಯವರೆಗೂ ಚೆನ್ನಾಗಿತ್ತು, ಕರೆಂಟ್ ಹೋಗಿ ಬಂದ ಮೇಲೆ ಸತ್ತಿತು’ ಎಂದು ಎಲ್ಲರೂ ಹೇಳುವುದು. ಕರೆಂಟ್ ಅದನ್ನು ಕೊಲ್ಲಲಿಲ್ಲ, ಅದರ ಮುಪ್ಪನ್ನು ಹೊರಗೆ ತಂದಿತು ಅಷ್ಟೇ.

ಬಿಚ್ಚಿ ನೋಡಿದರೆ ಈ ಪುಟ್ಟ ಕೆಪಾಸಿಟರ್ ಸಾಮಾನ್ಯವಾಗಿ ಕಾವು ಹೊರಸೂಸುವ ಅಲ್ಯೂಮಿನಿಯಂ ತಗಡಿನ ಪಕ್ಕದಲ್ಲೇ ಇರುತ್ತದೆ. ಅದರ ಪ್ಲಾಸ್ಟಿಕ್ ಹೊದಿಕೆ ಸುರುಟಿ ಮೇಲಕ್ಕೆ ಜಾರಿರುತ್ತದೆ, ಬುಡದ ಬೋರ್ಡ್ ಕಂದಿರುತ್ತದೆ. ದೊಡ್ಡ ಕೆಪಾಸಿಟರುಗಳಂತೆ ತಲೆ ಉಬ್ಬಿಸಿ ತೋರಿಸುವುದು ಅಪರೂಪ, ಆದ್ದರಿಂದ ಕಣ್ಣಿಗೆ ‘ಚೆನ್ನಾಗಿದೆ’ ಎನಿಸುತ್ತದೆ. ಕೆಪಾಸಿಟರಿನ ಒಳತಡೆ ತೋರಿಸುವ ಇಎಸ್‌ಆರ್ ಮೀಟರಿನಿಂದ ಅಳೆಯಬೇಕು, ಇಲ್ಲವೇ ಹೊಸದನ್ನು ಹಾಕಿ ನೋಡಬೇಕು. ಕೆಲವೇ ರೂಪಾಯಿಯ ವಸ್ತು. ಹಾಕುವಾಗ 105 ಡಿಗ್ರಿ ಕಾವು ತಾಳುವುದನ್ನೇ ಕೇಳಿ, ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ. ಕೂದಲು ಒಣಗಿಸುವ ಡ್ರೈಯರಿನಿಂದ ಅಡಾಪ್ಟರನ್ನು ಹೊರಗಿನಿಂದಲೇ ಸ್ವಲ್ಪ ಬೆಚ್ಚಗೆ ಮಾಡಿದಾಗ ಅದು ಎದ್ದರೆ ರೋಗ ಇದೇ ಎಂದು ಖಚಿತಪಡಿಸಿಕೊಳ್ಳಬಹುದು.

ಇನ್ನೊಂದು ಸಾಧ್ಯತೆಯನ್ನೂ ಬಿಡಬಾರದು. ಡಿವಿಆರ್ ಒಳಗಿನ 3.5 ಇಂಚಿನ ಹಾರ್ಡ್ ಡಿಸ್ಕ್ ತಿರುಗುತ್ತಿರುವಾಗ 12 ವೋಲ್ಟಿನಲ್ಲಿ ಅರ್ಧ ಆಂಪಿಯರಿನ ಆಸುಪಾಸು ಎಳೆದರೆ, ನಿಂತಲ್ಲಿಂದ ತಿರುಗಲು ಶುರುಮಾಡುವ ಕೆಲವು ಸೆಕೆಂಡು ಎರಡು ಆಂಪಿಯರ್‌ವರೆಗೆ ಕೇಳುತ್ತದೆ. ಬಡಕಲಾದ 2 ಆಂಪಿಯರ್ ಅಡಾಪ್ಟರ್ ಅಲ್ಲಿ ಸೋಲುತ್ತದೆ. ಪರೀಕ್ಷೆ ಹೀಗೆ: ಪ್ಲಗ್ ತೆಗೆದು ಡಿವಿಆರ್ ಮುಚ್ಚಳ ಬಿಚ್ಚಿ (ಅಡಾಪ್ಟರ್ ಹೊರಗಿರುವ ಡಿವಿಆರ್ ಒಳಗೆ 12 ವೋಲ್ಟ್ ಮಾತ್ರ ಇರುತ್ತದೆ, ಭಯವಿಲ್ಲ) ಡಿಸ್ಕಿನ ಪವರ್ ತಂತಿಯನ್ನು ಬಿಡಿಸಿ ಆನ್ ಮಾಡಿ. ಪರದೆಯ ಮೇಲೆ ಕ್ಯಾಮೆರಾ ಚಿತ್ರ ಬಂದರೆ ಬೋರ್ಡ್ ಜೀವಂತವಾಗಿದೆ. ಅಡಾಪ್ಟರ್ ಬದಲಿಸಿ, ಹೊಸದರಲ್ಲೂ ಹಾಗೇ ಆದರೆ ಡಿಸ್ಕ್ ನೋಡಿಸಿ. ಹೊಸ ಅಡಾಪ್ಟರ್ 12 ವೋಲ್ಟಿನದೇ ಆಗಿರಬೇಕು, ಪಿನ್ನಿನ ಒಳಗೆ ಪ್ಲಸ್ ಇರುವುದನ್ನು ಹಳೆಯದರ ಚೀಟಿಯೊಂದಿಗೆ ಹೋಲಿಸಿಕೊಳ್ಳಬೇಕು. ಆಂಪಿಯರ್ 3 ಇದ್ದರೂ ಕೆಡುಕಿಲ್ಲ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಡಿವಿಆರ್ ಎದ್ದ ಮೇಲೆ ದಿನಾಂಕವನ್ನು ತಪ್ಪದೆ ನೋಡಿ. ಅದು ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ತೀರಿದೆ; ಕಳವಾದ ದಿನ ರೆಕಾರ್ಡಿಂಗ್ ಹುಡುಕಿದರೆ ಸಿಗುವುದಿಲ್ಲ.

ಫ್ರಿಜ್ ಕೆಟ್ಟಿಲ್ಲ ಎಂದು ನನಗೆ ಬಹುತೇಕ ಖಾತರಿ. ಕಂಪ್ರೆಸರ್ ನಿಂತಾಗ ಅದರ ಒಂದು ಬದಿಯಲ್ಲಿ ಗ್ಯಾಸಿನ ಒತ್ತಡ ಹೆಚ್ಚಿರುತ್ತದೆ, ಎರಡೂ ಬದಿ ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಶುರುಮಾಡಿಸುವ ಪಿಟಿಸಿ ರಿಲೇ ಕೂಡ ಅಷ್ಟರಲ್ಲೇ ತಣ್ಣಗಾಗಬೇಕು. ಅದಕ್ಕೂ ಮೊದಲೇ ಕರೆಂಟ್ ಬಂದರೆ ಮೋಟಾರು ತಿರುಗಲಾರದೆ ಗುಂಯ್‌ಗುಡುತ್ತದೆ, ಸುಟ್ಟುಹೋಗದಂತೆ ಓವರ್‌ಲೋಡ್ ಪ್ರೊಟೆಕ್ಟರ್ ಟಕ್ ಎಂದು ಕಡಿಯುತ್ತದೆ. ಒಮ್ಮೊಮ್ಮೆ ಆದರೆ ಸಹಿಸುತ್ತದೆ, ದಿನವೂ ಆದರೆ ಮೋಟಾರಿನ ತಂತಿಸುರುಳಿ (ವೈಂಡಿಂಗ್) ಸುಟ್ಟುಹೋಗಬಹುದು. ಮೂರು ನಿಮಿಷ ತಡಮಾಡಿ ಕರೆಂಟ್ ಕೊಡುವ ಸ್ಟೆಬಿಲೈಜರ್ ಹಾಕಿಸಿ. ಕೊಳ್ಳುವಾಗ ‘ಟೈಮ್ ಡಿಲೇ ಇದೆಯೇ’ ಎಂದು ಕೇಳುವುದನ್ನು ಮರೆಯಬೇಡಿ. ನಿಮಗೆ ಯಂತ್ರಕ್ಕಿಂತ ಒಳಗಿನ ಇನ್ಸುಲಿನ್ ಮುಖ್ಯ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಲೂಬಾರದು. ಫ್ರಿಜ್ ಒಳಗಿನ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಕಂಪ್ರೆಸರ್ ಓಡುತ್ತಿದೆ ಎಂದಲ್ಲ. ತಂತಿಯ ತುದಿ ಒಳಗೂ ಪರದೆ ಹೊರಗೂ ಇರುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಇವತ್ತೇ ತರಿಸಿ. ಬಾಗಿಲು ತೆರೆಯದೆಯೇ ಓದಬಹುದು.

ಇನ್ವರ್ಟರ್ ಇದ್ದೂ ಏಕೆ ಹೀಗೆ ಎಂಬುದು ಉಳಿದಿದೆ, ನನ್ನ ಮಟ್ಟಿಗೆ ನಿಮ್ಮ ಕಂಪ್ಯೂಟರಿನ ನಿಜವಾದ ಪರಿಹಾರ ಇಲ್ಲೇ ಇದೆ. ಮನೆ ಅಂಗಡಿಗಳ ಹೆಚ್ಚಿನ ಇನ್ವರ್ಟರುಗಳ ಹಿಂದೆಯೋ ಮುಂದೆಯೋ ಒಂದು ಪುಟ್ಟ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಕೂರಿಸಿದವರು ನಾರ್ಮಲ್‌ನಲ್ಲಿ ಬಿಟ್ಟು ಹೋಗಿರುತ್ತಾರೆ, ಫ್ಯಾನು ಲೈಟಿಗೆ ಅದು ಸಾಕು. ನಾರ್ಮಲ್‌ನಲ್ಲಿ ಸರಬರಾಜು ನೂರರ ಸಮೀಪಕ್ಕೆ ಕುಸಿದರೂ ಇನ್ವರ್ಟರ್ ಅದನ್ನೇ ಒಳಗೆ ಬಿಡುತ್ತದೆ, ಬ್ಯಾಟರಿಗೆ ಬದಲಾಗುವುದೂ ನಿಧಾನ. ಯುಪಿಎಸ್ ಕಡೆಗೆ ಹಾಕಿದರೆ ಸುಮಾರು 180 ವೋಲ್ಟಿಗಿಂತ ಇಳಿದೊಡನೆ ಬ್ಯಾಟರಿಗೆ ಹೊರಳುತ್ತದೆ, ಅದೂ ಸಾಮಾನ್ಯವಾಗಿ ಹತ್ತು ಹದಿನೈದು ಮಿಲಿಸೆಕೆಂಡಿನೊಳಗೆ. ಎಸ್‌ಎಂಪಿಎಸ್ ತಡೆಯುವ ಅವಧಿಗೆ ಇದು ಅಂಟಿಕೊಂಡಂತಿದೆ, ಆದರೂ ಬಿಲ್ಲಿಂಗ್ ಕಂಪ್ಯೂಟರಿನ ಹೊರೆ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ದಾಟುತ್ತದೆ. ದಾಟದಿದ್ದರೆ ಕಂಪ್ಯೂಟರಿಗೆ ಮಾತ್ರ 600 ವಿಎ ಯುಪಿಎಸ್ ಬೇರೆ ಕೊಡಿ. ಅದಕ್ಕೆ ಲೇಸರ್ ಪ್ರಿಂಟರನ್ನಾಗಲಿ ಫ್ರಿಜ್ಜನ್ನಾಗಲಿ ತಗುಲಿಸಬೇಡಿ. ಯುಪಿಎಸ್ ಮೋಡ್‌ಗೆ ಒಂದು ಬೆಲೆ ಇದೆ: ಸಂಜೆ ಹೊತ್ತು ನಿಮ್ಮಲ್ಲಿ ವೋಲ್ಟೇಜ್ 170ರಲ್ಲೇ ನಿಲ್ಲುವುದಾದರೆ ಇನ್ವರ್ಟರ್ ಬ್ಯಾಟರಿಯ ಮೇಲೆಯೇ ಓಡಿ ಓಡಿ ಬರಿದಾಗುತ್ತದೆ. ಆದ್ದರಿಂದ ಒಂದು ವಾರ ಸಂಜೆ ವೋಲ್ಟೇಜ್ ಬರೆದಿಟ್ಟುಕೊಂಡು ಆಮೇಲೆ ತೀರ್ಮಾನಿಸಿ.

ವೋಲ್ಟೇಜ್ ಬರೆದಿಡುವಾಗಲೇ ಅಕ್ಕಪಕ್ಕದ ದೀಪಗಳನ್ನೂ ಗಮನಿಸಿ. ಅಕ್ಕಪಕ್ಕದ ಅಂಗಡಿಗಳಲ್ಲಿ ದೀಪ ಕದಲದೆ ನಿಮ್ಮಲ್ಲಿ ಮಾತ್ರ ಕದಲುತ್ತಿದ್ದರೆ ದೋಷ ನಿಮ್ಮ ಮೀಟರ್ ಬೋರ್ಡಿನಲ್ಲೋ ಕಂಬದಿಂದ ಬರುವ ಸರ್ವಿಸ್ ತಂತಿಯಲ್ಲೋ ಇದೆ. ಸಡಿಲವಾದ ಜೋಡಣೆಯನ್ನು ಬಿಗಿ ಮಾಡಿಸಿದರೆ ಅರ್ಧ ತೊಂದರೆ ನಿಲ್ಲುತ್ತದೆ. ಕೆಲವು ದೀಪ ಕಣ್ಣು ಕುಕ್ಕುವಷ್ಟು ಬೆಳಗಿ ಕೆಲವು ಮಂಕಾದರೆ ಮಾತ್ರ ಒಂದು ಕ್ಷಣವೂ ಕಾಯದೆ ಮೇನ್ ಸ್ವಿಚ್ ತೆಗೆಯಿರಿ. ನ್ಯೂಟ್ರಲ್ (ಕರೆಂಟ್ ಮರಳಿ ಹೋಗುವ ತಂತಿ) ಕಡಿದಾಗ 230ರ ಬದಲು 400ರ ಸಮೀಪದ ವೋಲ್ಟೇಜ್ ಒಳಗೆ ಬರಬಹುದು, ಅದಕ್ಕೆ ಯಾವ ಎಸ್‌ಎಂಪಿಎಸ್ಸೂ ನಿಲ್ಲುವುದಿಲ್ಲ. ಹೆಸ್ಕಾಂನ 1912ಕ್ಕೆ ಕರೆ ಮಾಡಿ ‘ಕರೆಂಟ್ ಹೋಗಿದೆ’ ಎನ್ನದೆ ‘ನ್ಯೂಟ್ರಲ್ ಕಡಿದಿದೆ’ ಎಂದೇ ಹೇಳಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಲೈನ್‌ಮನ್ ಬಂದು ಸರಿಪಡಿಸಿ, ಮೀಟರಿನಲ್ಲಿ ವೋಲ್ಟೇಜ್ ಅಳೆದು ತೋರಿಸುವ ತನಕ ಮೇನ್ ಹಾಕಬೇಡಿ.